ಕ್ಯಾರಿಯರ್ ಅಕ್ಕನ ತೇಗದ ಕಪಾಟು

ಮಳೆಗಾಲ ಹಿಡಿದು ಹತ್ತು ಹನ್ನೆರಡು ದಿನವಾಗಿತ್ತು. ಸಂಜೆ, ಅಂಗಡಿಗಳಲ್ಲಿ ದೀಪ ಹಾಕಲೋ ಬೇಡವೋ ಎನ್ನುವ ಹೊತ್ತು. ಸೈಕಲ್ ರಿಪೇರಿಯವನು ಒದ್ದೆ ಟ್ಯೂಬೊಂದನ್ನು ಒರೆಸುತ್ತ ಕೂತಿದ್ದಾಗ, ಕ್ಯಾರಿಯರ್ ಅಕ್ಕ ಕೊಡೆ ಮಡಿಸುವ ವ್ಯವಧಾನವೂ ಇಲ್ಲದೆ ಅಂಗಡಿ ಪಕ್ಕದ ಮೆಟ್ಟಿಲು ಹತ್ತಿದಳು. ಅವಳ ಕಂಕುಳಲ್ಲಿ ಕಪಾಟಿನ ಬಾಗಿಲೊಂದಿತ್ತು.

ಆ ಮೆಟ್ಟಿಲು ಹೋಗುತ್ತಿದ್ದದ್ದು ಒಂದೇ ಮನೆಗೆ. ಅಲ್ಲಿ ವಿಮೆ ಮೇಡಂ ಇದ್ದರು. ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮು ಇವನ್ನೆಲ್ಲ ನೋಡಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಇಟ್ಟರೋ ಎಂದು ವಿಮೆ ಕಂಪನಿಗೆ ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಬೀದಿಯವರು ಕಳೆದದ್ದು, ಮುರಿದದ್ದು, ಮುಚ್ಚಿಟ್ಟದ್ದು ಎಲ್ಲವನ್ನೂ ಅವರ ಮುಂದೆ ತಂದಿಡುತ್ತಿದ್ದರು. ಹಾಗೆ ಬಂದವರ ಹಿಂದೆ ಸೈಕಲ್ ರಿಪೇರಿಯವನೂ ಹತ್ತುತ್ತಿದ್ದ. ಯಾರೂ ಕರೆಯುತ್ತಿರಲಿಲ್ಲ, ಯಾರೂ ಬೇಡ ಎನ್ನುತ್ತಲೂ ಇರಲಿಲ್ಲ.

"ಕೆಳಗೆ ಪಂಚರ್ ಕೆಲಸ ಇಲ್ವೇನಯ್ಯಾ?" ಎಂದರು ಮೇಡಂ, ಅವನು ಹೊಸ್ತಿಲಲ್ಲಿ ಕಾಣಿಸಿದಾಗ.

"ಇದೆ ಮೇಡಂ. ಪಂಚರಾದ ಸೈಕಲ್ಲು ಎಲ್ಲಿಗೆ ಓಡಿಹೋಗುತ್ತೆ?"

ಅಕ್ಕ ನಗಲಿಲ್ಲ. ಬಾಗಿಲನ್ನು ಮೇಜಿನ ಮೇಲೆ ಮಲಗಿಸಿದಳು. ಅದರ ಕೆಳಗಿನ ಅಂಚು ಹಾಲಿನಲ್ಲಿ ನೆನೆದ ಬ್ರೆಡ್ಡಿನ ಹಾಗೆ ಉಬ್ಬಿತ್ತು. ಮೇಡಂ ಉಗುರಿನಿಂದ ಕೆರೆದರು. ಮೇಲಿನ ತೆಳು ಹಾಳೆ ಎದ್ದು ಬಂತು, ಒಳಗಿಂದ ಮರದ ಹೊಟ್ಟು ಉದುರಿತು.

"ತೇಗ ಅಂತ ಹಾಕಿದ್ದು," ಎಂದಳು ಅಕ್ಕ. "ಬಾಗಿಲೂ ತೇಗ, ಒಳಗಿನ ಹಲಗೆಗಳೂ ತೇಗ. ಅಮ್ಮ ಬಿಟ್ಟುಹೋದ ಸೈಟು ಮಾರಿ ಮಾಡಿಸಿದ ಅಡುಗೆಮನೆ ಮೇಡಂ. ಈ ಸಲದ ಎರಡು ಮಳೆ ಬೀಳೋದ್ರೊಳಗೆ ಹೀಗಾಯ್ತು. ಸೋಮವಾರ ಸ್ಟೇಷನ್ನಿಗೆ ಹೋಗ್ತೀನಿ. ಆ ಬಡಗಿ ಇನ್ಮೇಲೆ ಈ ಬೀದೀಲಿ ಉಳಿ ಹಿಡೀಬಾರ್ದು. ಅವನು ಮೋಸ ಮಾಡಿದಾನೆ ಅಂತ ನಿಮ್ಮಿಂದ ಒಂದು ಮಾತು ಬೇಕು."

"ಮಾತು ಕೊಡ್ತೀನಮ್ಮ. ಅದು ಯಾರ ಮೇಲೆ ಬರುತ್ತೆ ಅಂತ ಮಾತ್ರ ಈಗ್ಲೇ ಹೇಳೋಕಾಗಲ್ಲ."

ಅಕ್ಕನ ಬದುಕು ಬೀದಿಗೆಲ್ಲ ಗೊತ್ತಿದ್ದದ್ದೇ. ಆಫೀಸುಗಳಿಗೆ ಊಟದ ಕ್ಯಾರಿಯರ್ ಕಳಿಸುವುದು ಅವಳ ಕಸುಬು. ಅಡುಗೆ ಅವಳದು; ಮಹಡಿ ಮಹಡಿ ಹತ್ತಿ ಊಟ ತಲುಪಿಸುವುದು, ಖಾಲಿ ಕ್ಯಾರಿಯರ್ ತಂದು ತಿಕ್ಕುವುದು ಅವಳ ತಂಗಿಯದು. ಇಬ್ಬರೂ ಮದುವೆಯಾಗಲಿಲ್ಲ. ಒಂದೇ ಮನೆಯಲ್ಲಿ ಒಬ್ಬಳ ನೆರಳು ಇನ್ನೊಬ್ಬಳ ಮೇಲೆ ಬೀಳುವ ಹಾಗೆ ಬಾಳಿದ್ದರು.

ಮರುದಿನ ಶನಿವಾರ ಮೇಡಂ ಆ ಅಡುಗೆಮನೆಗೆ ಹೋದರು. ಸೈಕಲ್ ರಿಪೇರಿಯವನು ಟಾರ್ಚ್ ಹಿಡಿದು ಹಿಂದೆಯೇ ಇದ್ದ. ಗೋಡೆಯುದ್ದಕ್ಕೂ ಕಪಾಟುಗಳು. ಬಾಗಿಲುಗಳು ಉಬ್ಬಿ ಮುಚ್ಚಿಕೊಳ್ಳುತ್ತಿರಲಿಲ್ಲ. ಒಳಗಿನ ಹಲಗೆಗಳು ಡಬ್ಬಿಗಳ ಭಾರಕ್ಕೆ ಜಗ್ಗಿದ್ದವು. ಆದರೆ ಗೋಡೆಗೆ ಕೂರಿಸಿದ ಚೌಕಟ್ಟು ಕಲ್ಲಿನಂತೆ ಗಟ್ಟಿ. ಬಣ್ಣದಲ್ಲಿ ಮಾತ್ರ ಬಾಗಿಲಿಗೂ ಚೌಕಟ್ಟಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಎರಡರ ಮೇಲೂ ಒಂದೇ ಜೇನುಬಣ್ಣದ ಪಾಲಿಶ್.

ಮೇಡಂ ಒಂದು ಬಾಗಿಲಿನ ಕೀಲಿನ ಪಕ್ಕದಲ್ಲಿ ಬೆರಳಾಡಿಸಿದರು. "ಇಲ್ಲಿ ಬೆಳಕು ಹಿಡಿ."

ಚೌಕಟ್ಟಿನಲ್ಲಿ ಸ್ಕ್ರೂ ಇದ್ದ ಜಾಗದಿಂದ ಒಂದು ಬೆರಳಗಲ ಆಚೆ, ಮೇಣ ತುಂಬಿ ಪಾಲಿಶ್ ಹಚ್ಚಿದ ಹಳೆಯ ತೂತುಗಳಿದ್ದವು. ಎಲ್ಲ ಕೀಲುಗಳ ಪಕ್ಕದಲ್ಲೂ ಇದ್ದವು. ಮೇಡಂ ಬೆಳಕನ್ನು ಒಳಗೆ ತಿರುಗಿಸಲು ಹೇಳಿದರು. ಕಪಾಟಿನೊಳಗೆ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳ ಸಾಲು ನೋಡಿದರು. ಒಂದರ ಮೇಲೂ ಚೀಟಿ ಇರಲಿಲ್ಲ.

"ಇದರಲ್ಲಿ ಯಾವುದು ಏನು ಅಂತ ಹೇಗೆ ಗೊತ್ತಾಗುತ್ತಮ್ಮ?"

"ನನ್ನ ಕೈಗೆ ಗೊತ್ತು," ಎಂದಳು ಅಕ್ಕ. "ಕಣ್ಣಿಗೆ ಪೊರೆ ಬಂದು ವರ್ಷಗಟ್ಟಲೆ ಮಂಜು ಮಂಜು. ಕೈ ಅಳತೆ ಮೇಲೇ ಅಡುಗೆ ಮಾಡಿದ್ದು. ಚಳಿಗಾಲದಲ್ಲಿ ಕೆಲಸ ಮುಗಿಸಿದ ದಿನ ಬಡಗಿ ಪಾಪ ಅಂತ ಡಬ್ಬಿಗಳನ್ನ ತಾನೇ ಜೋಡಿಸಿಟ್ಟಿದ್ದ. ಅವತ್ತು ಪಲ್ಯಕ್ಕೆ ಸಕ್ಕರೆ ಬಿತ್ತು. ಒಂದು ಆಫೀಸಿನೋರು ಇವತ್ತು ಯಾರ ಹುಟ್ಟುಹಬ್ಬ ಅಂತ ಕೇಳಿ ಕಳಿಸಿದ್ರು."

"ಕಣ್ಣಿನ ಆಪರೇಷನ್ ಯಾವಾಗಾಯ್ತು?"

"ಬೇಸಿಗೇಲಿ. ಒಂದು ಕಣ್ಣಿಗೆ ಸೋಂಕಾಗಿ ವಾರದ ಮೇಲೆ ಆಸ್ಪತ್ರೇಲೇ ಇಟ್ಕೊಂಡ್ರು. ಆ ಕಣ್ಣಿಗೆ ಪಟ್ಟಿ, ಇನ್ನೊಂದು ಇನ್ನೂ ಮಂಜು, ಹಾಗೇ ಮನೆಗೆ ಬಂದೆ. ಬಂದ ಸಂಜೆ ಟೀ ಮಾಡಿದೆ, ಮಾರನೇ ದಿನ ಅಡುಗೇನೂ ಮಾಡಿದೆ. ಕೈ ಚಾಚಿದ ಕಡೆ ಉಪ್ಪು, ಕೈ ಚಾಚಿದ ಕಡೆ ಮೆಣಸಿನಪುಡಿ. ಕಪಾಟಿನ ಬಾಗಿಲು ಹಗುರ ಅನ್ನಿಸ್ತು. ಆಸ್ಪತ್ರೇಲಿ ಮಲಗಿ ಎದ್ದೋರ ಕೈಗೆ ಎಲ್ಲಾ ಹಾಗೇ ಇರುತ್ತೇನೋ ಅಂದ್ಕೊಂಡೆ."

ತಂಗಿ ಹಿತ್ತಲ ಬಾಗಿಲಲ್ಲಿ ಕ್ಯಾರಿಯರ್ ತಿಕ್ಕುತ್ತಿದ್ದಳು. ಮೇಡಂ ಅವಳ ಕಡೆ ತಿರುಗಿದರು. "ಅಕ್ಕ ಆಸ್ಪತ್ರೇಲಿದ್ದಾಗ ಇಲ್ಲಿಗೆ ಯಾರಾದ್ರೂ ಬಂದಿದ್ರೇನಮ್ಮ?"

"ನನಗೇನು ಗೊತ್ತು? ಹಗಲೆಲ್ಲ ಆಸ್ಪತ್ರೇಲೇ ಇರ್ತಿದ್ದೆ. ಊಟ ತಿಂಡಿ ಎಲ್ಲ ಕ್ಯಾಂಟೀನಲ್ಲಿ. ಮನೆಗೆ ಮಲಗೋಕೆ ಬರ್ತಿದ್ದೆ ಅಷ್ಟೆ. ಅಕ್ಕ ಬರೋವರೆಗೂ ಅಡುಗೆಮನೆಗೆ ಕಾಲಿಟ್ಟಿಲ್ಲ, ಒಂದು ಡಬ್ಬೀನೂ ಮುಟ್ಟಿಲ್ಲ."

ಅಲ್ಲಿಂದ ಬಡಗಿಯ ಕೊಟ್ಟಿಗೆಗೆ ಹೋದರು. ಕೆಲಸದ ಮೇಜಿನ ಮೇಲೆ ಮರದ ಪುಡಿಯಿರಲಿಲ್ಲ. ಬೀದಿಯವರ ಬಾಯಿ ಸುಮ್ಮನಿದ್ದೀತೇ? ಕ್ಯಾರಿಯರ್ ಅಕ್ಕನ ಕಪಾಟಿನ ಸುದ್ದಿ ಹಬ್ಬಿದ್ದೇ ತಡ, ಬಡಗಿಗೆ ಕೆಲಸ ಕೊಡುತ್ತೇವೆಂದು ಮಾತಾಡಿಕೊಂಡಿದ್ದ ಮನೆಯವರೆಲ್ಲ ಆಮೇಲೆ ನೋಡೋಣ ಎಂದಿದ್ದರು.

"ನಾನು ತೇಗಾನೇ ಹಾಕಿದ್ದು ಮೇಡಂ," ಎಂದ ಬಡಗಿ. "ಪೊಲೀಸರು ಬಂದು ಈ ಬಾಗಿಲಿಗೆ ನಿಂತ್ರೆ ಆಮೇಲೆ ನಿಜ ಗೊತ್ತಾದ್ರೂ ಒಂದೇ, ಆಗದಿದ್ರೂ ಒಂದೇ. ನನ್ನ ಕೈಗೆ ಮರ ಯಾರೂ ಕೊಡಲ್ಲ."

"ಆ ಮನೆ ಕೀಲಿಕೈ ನಿನ್ನ ಹತ್ರ ಇತ್ತಾ?"

ಅವನು ತಲೆ ತಗ್ಗಿಸಿ ಗೋಡೆಯ ಮೊಳೆ ತೋರಿಸಿದ. "ಕೆಲಸದ ಟೈಮಲ್ಲಿ ಕೊಟ್ಟಿದ್ರು. ವಾಪಸ್ ಕೊಡೋದು ಮರೆತೆ."

ಸೈಕಲ್ ರಿಪೇರಿಯವನು ಮೊಳೆಯಲ್ಲಿದ್ದ ಕೀಲಿಕೈಯನ್ನೇ ನೋಡಿದ. ಹೊರಗೆ ಬಂದ ಮೇಲೆ, "ಕತೆ ಮುಗೀತಲ್ಲ ಮೇಡಂ," ಎಂದ.

"ಕೀಲಿಕೈ ಮುಚ್ಚಿಡದೆ ತೋರಿಸಿದೋನ ಕತೆ ಅಷ್ಟು ಬೇಗ ಮುಗಿಸ್ಬೇಡ. ನಡಿ, ಕಪಾಟಿಗೆ ಬಣ್ಣ ಹಚ್ಚಿದ ಪಾಲಿಶ್‌ನವನನ್ನ ನೋಡೋಣ."

ಪಾಲಿಶ್‌ನವನು ಟೀ ಅಂಗಡಿಯ ಬೆಂಚಿನಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. "ಅಕ್ಕನ ಕಪಾಟಾ? ಮರ ಬಡಗೀದು, ಅದು ನನಗೆ ಬೇಡ. ಪಾಲಿಶ್ ನೋಡಿದ್ರಾ? ಮುಖ ನೋಡ್ಕೋಬೋದು."

"ನಿನ್ನ ಬಣ್ಣಕ್ಕೆ ಇನ್ನೊಬ್ಬ ಸರಿಗಟ್ಟಿ ಹಚ್ಚಬೋದಾ?"

"ನನ್ನ ಬಣ್ಣಕ್ಕಾ? ಅಂಗಡೀಲಿ ಸಿಗೋ ಬಣ್ಣ ಅಲ್ಲ ಅದು ಮೇಡಂ, ನಾನೇ ಅರೆದು ಬೆರೆಸೋದು. ಒಂದು ಬಾಗಿಲು ನಾನು, ಇನ್ನೊಂದು ಬೇರೆಯವನು ಹಚ್ಚಿದ್ರೆ ದಾರೀಲಿ ಹೋಗೋನೂ ಹೇಳ್ತಾನೆ."

"ದೊಡ್ಡ ಉಪಕಾರವಾಯ್ತು," ಎಂದರು ಮೇಡಂ. ಅವನು ಅದನ್ನು ಹೊಗಳಿಕೆಯೆಂದೇ ಬಗೆದು ಅವರ ಟೀಗೂ ತಾನೇ ದುಡ್ಡು ಕೊಟ್ಟ.

ಭಾನುವಾರ ಮಧ್ಯಾಹ್ನ ಎಲ್ಲರೂ ಆ ಅಡುಗೆಮನೆಯಲ್ಲಿ ಸೇರಿದರು. ಅಕ್ಕ ಒಲೆಯ ಬಳಿ, ತಂಗಿ ನೀರಿನ ತೊಟ್ಟಿಗೆ ಒರಗಿ, ಬಡಗಿ ಬಾಗಿಲ ಹೊರಗೇ. ಪಾಲಿಶ್‌ನವನಿಗೆ ಕೂರಲು ಸ್ಟೂಲು ಸಿಕ್ಕಿತ್ತು. ಸೈಕಲ್ ರಿಪೇರಿಯವನು, ಓಡುವವರಿದ್ದರೆ ತಡೆಯೋಣ ಎಂದುಕೊಂಡು ಹಿತ್ತಲ ದಾರಿಗೆ ಅಡ್ಡ ನಿಂತ.

"ಒಳಗೆ ಬಾರಯ್ಯಾ," ಎಂದು ಮೇಡಂ ಬಡಗಿಯನ್ನು ಕರೆದರು. ಆಮೇಲೆ ಅಕ್ಕನಿಗೆ ಚೌಕಟ್ಟಿನ ತೂತುಗಳನ್ನು ತೋರಿಸಿದರು. "ಮೊದಲು ಇಲ್ಲಿ ಬೇರೆ ಬಾಗಿಲುಗಳಿದ್ದವು. ಈಗಿರೋದು ಮರದ ಹೊಟ್ಟು ಅಂಟಿಸಿದ ಬೋರ್ಡು, ತೆಳ್ಳಗೆ, ಅದಕ್ಕೇ ಕೀಲು ಜರುಗಿಸಿ ಕೂರಿಸಿದಾರೆ. ಬಡಗಿ ಮೊದಲಿಂದ ಬೋರ್ಡೇ ಹಾಕಿದ್ರೆ ಎರಡೆರಡು ಸಾಲು ತೂತು ಯಾಕೆ? ನಿನಗೆ ಮೊದಲು ತೇಗಾನೇ ಸಿಕ್ಕಿತ್ತಮ್ಮ. ಆಮೇಲೆ ಅದನ್ನ ಯಾರೋ ಬಿಚ್ಚಿಕೊಂಡು ಹೋದ್ರು."

"ಯಾವಾಗ?"

"ನೀನು ಮನೇಲಿಲ್ಲದಾಗ. ಇಷ್ಟೊಂದು ಕಪಾಟು ಬದಲಾಯಿಸೋದು ನಿನ್ನ ಮುಂದೆ ಆಗೋ ಕೆಲಸ ಅಲ್ಲ. ಬಂದ ದಿನ ಬಾಗಿಲು ಹಗುರ ಅನ್ನಿಸಿದ್ದು ನಿನ್ನ ಕೈಯ ತಪ್ಪಲ್ಲ."

"ಕೀಲಿಕೈ ಇದ್ದದ್ದು ಬಡಗಿ ಹತ್ರ," ಎಂದ ಪಾಲಿಶ್‌ನವನು.

"ಕೀಲಿಕೈ ಅವನದು, ಬಣ್ಣ ನಿನ್ನದು. ಈ ಬಣ್ಣ ಬೇರೆಯವರಿಗೆ ಬರಲ್ಲ ಅಂತ ನೀನೇ ಹೇಳಿದೆ. ಹಳೇ ಚೌಕಟ್ಟೂ ಹೊಸ ಬೋರ್ಡೂ ಒಂದೇ ತಾಯಿ ಮಕ್ಕಳ ಹಾಗಿವೆ. ಎರಡಕ್ಕೂ ಹಚ್ಚಿದೋನು ನೀನೇ."

ಪಾಲಿಶ್‌ನವನು ಸ್ಟೂಲಿನಿಂದ ಎದ್ದ. ಸೈಕಲ್ ರಿಪೇರಿಯವನು ತೋಳೇರಿಸಿದ. ಪಾಲಿಶ್‌ನವನು ಮತ್ತೆ ಕೂತ.

"ಹಾಗಾದ್ರೆ ಇವನೂ ಬಡಗೀನೂ ಸೇರ್ಕೊಂಡು..." ಎಂದಳು ಅಕ್ಕ.

ಮೇಡಂ ಒಂದು ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಅದರ ಜಾಗದಲ್ಲೇ ಇಟ್ಟರು.

"ಇಲ್ಲಮ್ಮ. ಬಾಗಿಲು ಮಾತ್ರ ಅಲ್ಲ, ಒಳಗಿನ ಹಲಗೆಗಳನ್ನೂ ಬದಲಾಯಿಸಿದಾರೆ. ಅಂದ್ರೆ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಮತ್ತೆ ಮೇಲಿಡಬೇಕು. ಬಡಗಿ ಇಟ್ಟಾಗ ಪಲ್ಯಕ್ಕೆ ಸಕ್ಕರೆ ಬಿತ್ತು. ಇವನಿಗಂತೂ ಉಪ್ಪು ಯಾವುದು ಪಾಲಿಶ್ ಪುಡಿ ಯಾವುದು ಗೊತ್ತಿಲ್ಲ. ನೀನು ಕಣ್ಣಿಗೆ ಪಟ್ಟಿ ಕಟ್ಕೊಂಡು ಬಂದಾಗ ಒಂದು ಡಬ್ಬೀನೂ ಆಚೀಚೆ ಆಗಿರಲಿಲ್ಲ. ನಿನ್ನ ಕೈ ಎಲ್ಲಿಗೆ ಹೋಗುತ್ತೆ ಅಂತ ತಿಳಿದಿರೋರು ಈ ಪ್ರಪಂಚದಲ್ಲಿ ಇನ್ನೊಬ್ಬರೇ. ಅವರು ಅಡುಗೆಮನೆಗೆ ಕಾಲೇ ಇಟ್ಟಿಲ್ಲ ಅಂದ್ರು."

ಅಕ್ಕ ತಂಗಿಯ ಕಡೆ ನೋಡಲಿಲ್ಲ. ನೆಲ ನೋಡುತ್ತ, "ಇಲ್ಲ ಅನ್ನು," ಎಂದಳು.

ತಂಗಿ ಇಲ್ಲ ಎನ್ನಲಿಲ್ಲ.

"ಡಬ್ಬಿಗಳನ್ನ ಎಲ್ಲೆಂದ್ರಲ್ಲಿ ಹೇಗೆ ಬಿಡ್ಲಿ ಅಕ್ಕಾ," ಎಂದಳು. "ಕಣ್ಣಿಲ್ಲದೆ ತಡಕಾಡ್ತೀಯ, ಒಲೆ ಮೇಲೆ ಕೈ ಇಡ್ತೀಯ ಅಂತ ಹೆದರಿಕೆ ಆಯ್ತು. ಒಂದೊಂದಾಗಿ ಮುಚ್ಚಳ ತೆಗೆದು ನೋಡಿ ಇಟ್ಟೆ."

"ಮನೆ ಕಳ್ಳತನ ಮಾಡಿ, ಆಮೇಲೆ ನಾನು ಎಡವಬಾರದು ಅಂತ ದೀಪ ಹಚ್ಚಿಟ್ಟೆ."

"ಸೈಟು ಮಾರಿದಾಗ ನೀನು ಏನಂದಿದ್ದೆ? ಅಮ್ಮನದು ಇಬ್ಬರಿಗೂ ಸೇರಿದ್ದು, ನಿನಗೊಂದು ಹೊಲಿಗೆ ಅಂಗಡಿ ಹಾಕ್ಕೊಡ್ತೀನಿ ಅಂದೆ. ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಅಂಗಳದಲ್ಲಿ ಮರ ಬಂದು ಬಿದ್ದಿತ್ತು. ನನ್ನನ್ನ ಒಂದು ಮಾತು ಕೇಳಲಿಲ್ಲ. ಒಲೆ ನಿನ್ನ ಎತ್ತರಕ್ಕೆ, ಕಪಾಟು ನಿನ್ನ ಕೈಗೆ. ಇದರಲ್ಲಿ ನನಗೇನು ಬಂತು ಹೇಳು, ತಿಕ್ಕೋಕೆ ಹೊಸ ತೊಟ್ಟಿ. ಈ ಪಾಲಿಶ್ ಅಣ್ಣ ತೇಗಕ್ಕೆ ಗಿರಾಕಿ ಇದಾರೆ ಅಂದ. ಬೋರ್ಡೂ ಅವನೇ ತಂದು ಕೂರಿಸಿದ. ತೇಗದ ದುಡ್ಡಲ್ಲಿ ಹೊಲಿಗೆ ಅಂಗಡಿಗೆ ಮುಂಗಡ ಕೊಟ್ಟೆ."

"ಕೇಳಿದ್ರೆ ಕೊಡ್ತಿರಲಿಲ್ವಾ?"

"ಕೇಳಿದ್ದೆ. ನೀನೇ ಮುಂದಿನ ವರ್ಷ ನೋಡೋಣ ಅಂದೆ. ನಿನಗೆ ಅದು ನೆನಪೂ ಇಲ್ಲ."

ಸೈಕಲ್ ರಿಪೇರಿಯವನಿಗೆ ಅಲ್ಲಿ ನಿಲ್ಲಲು ನಾಚಿಕೆಯಾಯಿತು. ಕಳ್ಳ ಸಿಕ್ಕಾಗ ಆಗುವ ಖುಷಿ ಎದೆಯಲ್ಲಿ ಎಲ್ಲೂ ಇರಲಿಲ್ಲ.

"ಅವನ ಮೇಲೆ ಹೊರಿಸುವಾಗ್ಲೂ ಸುಮ್ಮನಿದ್ದೆಯಲ್ಲೇ," ಎಂದಳು ಅಕ್ಕ, ಬಡಗಿಯ ಕಡೆ ಕೈ ಮಾಡಿ. "ನನ್ನ ದುಡ್ಡು ಹೋಗ್ಲಿ. ನಾಳೆ ಅವನನ್ನ ಸ್ಟೇಷನ್ನಿಗೆ ಎಳೀತಿದ್ದೆ. ನೀನು ನನ್ನ ಜೊತೆ ಕೊಡೆ ಹಿಡ್ಕೊಂಡು ಬರ್ತಿದ್ದೆ."

ತಂಗಿ ಮುಖ ಮುಚ್ಚಿಕೊಂಡಳು.

ಅಕ್ಕ ಬಡಗಿಗೆ ಕೈ ಮುಗಿಯಲು ಹೋದಳು. ಅವನು ಹಿಂದೆ ಸರಿದ.

"ನನಗೆ ಹೇಳ್ಬೇಡಿ ಅಕ್ಕಾ. ನಾನು ಕದ್ದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಬೀದಿಗೆ ಹೇಳಿ."

ಹೇಳಿದಳು. ಸೋಮವಾರ ಸ್ಟೇಷನ್ನಿಗೆ ಹೋಗಬೇಕಿದ್ದ ಕಾಲಿನಲ್ಲೇ ಮನೆಮನೆಗೂ ಹೋಗಿ, ಬಡಗಿಯದು ತಪ್ಪಿಲ್ಲ, ತಪ್ಪು ನಮ್ಮ ಮನೆಯದೇ ಎಂದು ಹೇಳಿ ಬಂದಳು. ಯಾರ ತಪ್ಪು ಎಂದು ಕೆದಕಿದವರಿಗೂ ಅಷ್ಟನ್ನೇ ಹೇಳಿದಳು. ಪಾಲಿಶ್‌ನವನು ಯಾರಿಗೂ ಹೇಳದೆ ಮಂಗಳವಾರವೇ ಊರು ಬಿಟ್ಟಿದ್ದ.

ತಂಗಿಯನ್ನು ಅಕ್ಕ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ನಾಲ್ಕು ದಿನ ಎರಡು ತಟ್ಟೆ ಹಾಕಿಕೊಂಡು, ಮಾತಿಲ್ಲದೆ ಉಂಡರು. ಐದನೆಯ ದಿನ ಬೆಳಿಗ್ಗೆ ತಂಗಿ ಟ್ರಂಕು ಹಿಡಿದು ಹೊರಗೆ ಬಂದಳು. ಅವಳು ಮುಂಗಡ ಕೊಟ್ಟ ಅಂಗಡಿ ಪಕ್ಕದ ಊರಿನಲ್ಲಿತ್ತು. ಸೈಕಲ್ ರಿಪೇರಿಯವನು ಟ್ರಂಕನ್ನು ತನ್ನ ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟು ಹಗ್ಗ ಬಿಗಿದ. ಅಕ್ಕ ಹೊಸ್ತಿಲವರೆಗೆ ಬಂದು ನಿಂತಳು. ತಂಗಿ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹೋದವಳು, ದಿನಾ ಕೆಲಸಕ್ಕೆ ಹೊರಟಾಗ ಹೇಳುವ ಹಾಗೆ, ತಿರುಗಿ ನೋಡದೆಯೇ ಹೇಳಿದಳು:

"ಬಾಗಿಲು ಹಾಕ್ಕೋ ಅಕ್ಕಾ."

ಅವನು ಅವಳನ್ನು ಬಸ್ಸು ಹತ್ತಿಸಿ, ಅಂಗಡಿ ತೆರೆದು, ಮಧ್ಯಾಹ್ನ ಊಟಕ್ಕೆಂದು ಅದೇ ದಾರಿಯಲ್ಲಿ ಹೋದಾಗಲೂ ಆ ಬಾಗಿಲು ತೆರೆದೇ ಇತ್ತು.