ಹನ್ನೊಂದು ಮರಿಗಳ ಬಾಟಲಿ

ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ 10.20ಕ್ಕೆ ಪ್ರೊಫೆಸರು ಠಾಣೆಗೆ ಬಂದು ದೂರು ಕೊಟ್ಟರು. ಪ್ರಯೋಗಾಲಯದ ಒಂದು ಬಾಟಲಿಯಿಂದ ಯಾರೋ ದ್ರವ ಕದ್ದು, ಅಷ್ಟೇ ನಲ್ಲಿ ನೀರು ತುಂಬಿಸಿಡುತ್ತಿದ್ದರು. ಬಾಟಲಿಯಲ್ಲಿ ಬೂಷ್ಟು ಬಂದಾಗ ಗುಟ್ಟು ರಟ್ಟಾಗಿತ್ತು. ಇನ್‌ಸ್ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿದರು.

11.40ಕ್ಕೆ ಪ್ರಯೋಗಾಲಯದಲ್ಲಿ ಪಂಚನಾಮೆ. ಕಿಟಕಿಯಿಲ್ಲದ ಕೋಣೆ, ಮೂರು ಸಾಲು ಪಂಜರ, ಬಿಳಿ ಇಲಿಗಳು. ಎ, ಬಿ, ಸಿ ಎಂದು ಬರೆದ ಮೂರು ಕಂದು ಬಾಟಲಿ.

“ಕೀಟನಾಶಕ ಗಂಡಿಲಿಗಳ ವೃಷಣ ಕೆಡಿಸುತ್ತೆ,” ಎಂದರು ಪ್ರೊಫೆಸರು. “ಒಂದು ಬೇರಿನ ಸಾರ ಕೊಟ್ರೆ ಆ ಹಾನಿ ತಡೆಯುತ್ತಾ ಅಂತ ನೋಡ್ತಿದ್ದೀವಿ. ಸಾರ ಇರೋದು ಬಿ ಬಾಟಲೀಲಿ. ಎ ಸಾಲಿಗೆ ವಿಷ ಮಾತ್ರ, ಸಾರ ಇಲ್ಲ.”

“ಕಳುವಾಗಿದ್ದು?”

“ಸಿ. ಅದು ಬಣ್ಣ ಹಾಕಿದ ಬರೀ ನೀರು. ಸಿ ಇಲಿಗಳಿಗೆ ವಿಷಾನೇ ಕೊಡಲ್ಲ, ಹೋಲಿಸಿ ನೋಡೋಕೆ ಇಟ್ಟಿರೋದು. ಚುಚ್ಚೋದು ಮಾತ್ರ ಎಲ್ಲಕ್ಕೂ ಚುಚ್ತೀವಿ, ಅವಕ್ಕೆ ಉಪ್ಪುನೀರು. ಕುಡಿಸೋರಿಗೆ ವ್ಯತ್ಯಾಸ ಗೊತ್ತಾಗಬಾರದು.”

ಮಾತು ಮಾತಿಗೂ ಗಂಟೆ ನೋಡುವ ಹೆಡ್‌ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಗಡಿಯಾರ ಎಂದೇ ಹೆಸರು. ಅವನು ಮೆಲ್ಲಗೆ, “ನೀರು ಕದ್ದೋರನ್ನ ಹಿಡಿಯೋಕೆ ಜೀಪಲ್ಲಿ ಬಂದ್ವಾ ಮೇಡಂ?” ಎಂದ.

ಇನ್‌ಸ್ಪೆಕ್ಟರಮ್ಮ ನಗಲಿಲ್ಲ. “ಕೀಲಿ ಯಾರ್ಯಾರ ಹತ್ರ ಇದೆ?”

“ನಾನು, ನನ್ನ ವಿದ್ಯಾರ್ಥಿ, ಇಲಿ ನೋಡ್ಕೊಳ್ಳೋ ಹೆಂಗಸು.”

“ನೀರು ಅಂತ ಗೊತ್ತಿದ್ದೋರು ಕದಿಯಲ್ಲ. ಗೊತ್ತಿಲ್ಲದೋರು ಯಾರು?”

ಪ್ರೊಫೆಸರ ಮುಖ ಹುಳ್ಳಗಾಯಿತು. “ಆ ಹೆಂಗಸು ಒಬ್ಬಳೇ.”

ಅವಳ ಮನೆ ಕೀಟನಾಶಕ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿತ್ತು. ಅಡುಗೆಮನೆಗೂ ಕಾರ್ಖಾನೆಗೂ ನಡುವೆ ಒಂದೇ ಗೋಡೆ. 3.15ಕ್ಕೆ ಬಾಗಿಲು ತಟ್ಟಿದಾಗ ಗಂಡ ಪಾಳಿ ಮುಗಿಸಿ ಬಂದು ಎರಡನೇ ಸಲ ಕೈ ತೊಳೆಯುತ್ತಿದ್ದ. ಕಪಾಟಿನಲ್ಲಿ ಹಳೆಯ ಕೆಮ್ಮಿನ ಔಷಧಿಯ ಬಾಟಲಿ, ಪಕ್ಕದಲ್ಲಿ ಚಮಚ. ಬಾಟಲಿಯೊಳಗೆ ಅದೇ ಕಂದು ಬಣ್ಣ.

“ಎಷ್ಟು ದಿನದಿಂದ?”

ಅವಳು ಸುಳ್ಳು ಹೇಳಲು ಹೋಗಲಿಲ್ಲ. “ಆರು ತಿಂಗಳಾಯ್ತು. ಇವರಿಗೆ ದಿನಾ ಎರಡು ಚಮಚ.”

“ಸಿ ಬಾಟಲಿನೇ ಯಾಕೆ?”

“ಎಲ್ಲಾ ಇಲಿಗೂ ವಿಷ ಚುಚ್ಚೋದನ್ನ ಕಣ್ಣಾರೆ ನೋಡಿದೀನಿ ಮೇಡಂ, ಬಾಟಲಿ ಮದ್ದು ಕುಡಿಸೋಳು ನಾನೇ. ಎ ಸಾಲಿಗೆ ಮರೀನೇ ಆಗ್ಲಿಲ್ಲ. ಬಿಗೆ ಏಳು. ಸಿಗೆ ಹನ್ನೊಂದು. ಎಂಥಾ ದಡ್ಡಿನೂ ಹನ್ನೊಂದನ್ನೇ ಆರಿಸ್ತಾಳೆ.”

“ಡಾಕ್ಟರು ಏನಂದಿದ್ರು?”

“ವಿಷ ಬೆರೆಸೋ ಕೋಣೆ ಬಿಡದಿದ್ರೆ ಮಗು ಆಸೆ ಬಿಡಿ ಅಂದ್ರು. ಗೇಟಿನ ಕೆಲಸ ಸಿಕ್ಕಿತ್ತು. ಆದ್ರೆ ಗೇಟಿನವರಿಗೆ ಮನೆ ಕೊಡಲ್ಲ. ಇವರು ಹೋಗ್ತೀನಿ ಅಂದ್ರು, ನಾನೇ ತಡೆದೆ. ಮದ್ದು ಇದೆಯಲ್ಲ ಅಂದೆ.” ಅವಳು ದನಿ ತಗ್ಗಿಸಿದಳು. “ಜೈಲಿಗೆ ಬೇಕಾದ್ರೆ ಹಾಕಿ. ಅದು ಒಳಗೆ ಕೆಲಸ ಮಾಡಿರುತ್ತೆ ಅಲ್ವಾ?”

ಗಡಿಯಾರ ಜಪ್ತಿ ಮಹಜರು ಬರೆಯುತ್ತಿದ್ದವನು ಪೆನ್ನು ನಿಲ್ಲಿಸಿದ. “ಮೇಡಂ, ವಸ್ತು... ಏನಂತ ಬರೀಲಿ?”

ಸಹಿ ಹಾಕಿಸುವ ಮುನ್ನ ಬರೆದದ್ದನ್ನೆಲ್ಲ ಓದಿ ಹೇಳಬೇಕು. ಇನ್‌ಸ್ಪೆಕ್ಟರಮ್ಮ ಗಂಡನ ಒದ್ದೆ ಕೈಗಳನ್ನು ನೋಡಿದರು.

“ಇದ್ದದ್ದನ್ನೇ ಬರಿ.”

ಗಡಿಯಾರ ಓದಿದ. ಬಣ್ಣ ಬೆರೆಸಿದ ನೀರು, ಸುಮಾರು ನೂರು ಮಿಲಿಲೀಟರು.

“ಮತ್ತೆ ಆ ಹನ್ನೊಂದು ಮರಿ?”

“ಆ ಇಲಿಗಳಿಗೆ ವಿಷಾನೇ ಕೊಟ್ಟಿರ್ಲಿಲ್ಲಮ್ಮ. ನಿಜವಾದ ಸಾರ ಇದ್ದಿದ್ದು ಬಿ ಬಾಟಲೀಲಿ.”

ಅವಳು ಅಳಲಿಲ್ಲ. ಚಮಚ ಎತ್ತಿಕೊಂಡು ತೊಳೆದು, ಒರೆಸಿ, ಅದರ ಜಾಗದಲ್ಲಿಟ್ಟಳು.

“ನಾಳೇನೇ ಗೇಟಿನ ಕೆಲಸ ಕೇಳ್ಲೇನೇ?” ಎಂದ ಗಂಡ.

“ಅದನ್ನ ಹೋದ ತಿಂಗಳೇ ಬೇರೆಯವರಿಗೆ ಕೊಟ್ಟಾಯ್ತಲ್ಲ.”

4.10ಕ್ಕೆ ದಸ್ತಗಿರಿ. ಜೀಪು ಹೊರಟಾಗ ಗಂಡ ಬಾಗಿಲಲ್ಲೇ ನಿಂತಿದ್ದ.

ಸಂಜೆ ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರಮ್ಮ ಬರೆದದ್ದು ಇಷ್ಟೇ: ಮಗುವೂ ಬೇಕಿತ್ತು, ಅದನ್ನು ಮಲಗಿಸಲು ಮನೆಯೂ ಬೇಕಿತ್ತು.