ದೋಣಿ ಕೊಂಡ ಸಿಸ್ಟರ್

"ಈ ದೋಣಿ ನಿಮ್ಮದಾ?"

ಬೆಳಗಿನ ಏಳು ಗಂಟೆಗೆ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದ ಪ್ರಸೀದಾ ತಲೆಯೆತ್ತಿ ನೋಡಿದಳು. ಏರಿಯ ಮೇಲೆ ಒಬ್ಬ ಗಂಡಸು ನಿಂತಿದ್ದ. ಹೆಗಲಲ್ಲಿ ಉಳಿ, ಬಾಚಿ ತುಂಬಿದ ಚೀಲ. ಅವಳ ಕೈಯಲ್ಲಿ ದೋಣಿಯ ಮೂತಿ ಮಾತ್ರ ಇತ್ತು. ಉಳಿದದ್ದೆಲ್ಲ, ಮೋಟಾರಿನ ಸಮೇತ, ನೀರಿನೊಳಗೆ.

"ನಂದೇ. ಏನೀಗ?"

"ಹಗ್ಗ ಕಟ್ಟಿದ್ದು ಯಾರು?"

"ನಾನೇ."

"ಎಮ್ಮೆ ಕಟ್ಟೋ ಹಾಗೆ ಕಟ್ಟಿದ್ದೀರಿ. ಎಮ್ಮೆಯಾದ್ರೆ ಕೂಗ್ಕೊಳ್ತಿತ್ತು. ಇದು ಪಾಪ, ಬಾಯಿಲ್ಲದ್ದು. ಸುಮ್ನೆ ಮುಳುಗಿದೆ."

ದೋಣಿ ಕೊಂಡು ಅಂದಿಗೆ ನಾಲ್ಕನೇ ದಿನ. ಹಿಂದಿನ ದಿನ ಹುಣ್ಣಿಮೆ. ಹುಣ್ಣಿಮೆಗೆ ಕಾಯಲಿನ ಹಿನ್ನೀರು ಮೊಳದಷ್ಟು ಏರುತ್ತದೆಂದು ಕುಟ್ಟನಾಡಿನಲ್ಲೇ ಹುಟ್ಟಿ ಬೆಳೆದ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ನೀರು ಏರುವಾಗ ಹಗ್ಗಕ್ಕೂ ಸಡಿಲ ಬಿಡಬೇಕೆನ್ನುವುದು ಸ್ವಂತ ದೋಣಿ ಇಲ್ಲದವರಿಗೆ ಎಲ್ಲಿ ಹೊಳೆಯುತ್ತದೆ! ಗಿಡ್ಡ ಹಗ್ಗ ಒಂದು ಬದಿಯನ್ನು ಹಿಡಿದಿಟ್ಟುಕೊಂಡಿತ್ತು, ಇನ್ನೊಂದು ಬದಿಯಿಂದ ನೀರು ನುಗ್ಗಿತ್ತು.

ಅವಳಿಗೆ ಅಳು ಬರುವುದರಲ್ಲಿತ್ತು. ಈ ಮನುಷ್ಯನ ಎದುರು ಅತ್ತರೆ ಮುಗಿಯಿತು ಎಂದು ಹಲ್ಲು ಕಚ್ಚಿಕೊಂಡಳು.

ಅವನು ಅಂಗಿ ಬಿಚ್ಚಿಟ್ಟು ನೀರಿಗಿಳಿದ. ಹಗ್ಗ ಬಿಚ್ಚಿದ. ಎರಡೂ ಕೈಯಿಂದ ದೋಣಿಯನ್ನು ತೊಟ್ಟಿಲಿನಂತೆ ತೂಗಿ ತೂಗಿ ಅರ್ಧ ನೀರನ್ನು ಹೊರಗೆ ಚೆಲ್ಲಿಸಿ, ಮಿಕ್ಕಿದ್ದನ್ನು ಬಕೆಟ್ಟಿನಲ್ಲಿ ಎತ್ತಿ ಸುರಿದ. ಗಂಟೆಯೊಳಗೆ ದೋಣಿ ತೇಲಿತು. ಎಷ್ಟು ಕೊಡಬೇಕೆಂದು ಅವಳು ಕೇಳಿದಾಗ, ಮುಳುಗಿದ್ದನ್ನು ಎತ್ತಲು ತಾನು ಕೂಲಿ ತೆಗೆದುಕೊಳ್ಳುವುದಿಲ್ಲ ಎಂದ.

"ಇದರ ತಳ ನೋಡಿದೆ. ಇನ್ನು ಮೇಲೆ ಹೇಗೂ ಕೊಡ್ತಾ ಇರ್ತೀರಿ," ಎಂದು ನಕ್ಕು ಹೋದ.

ಅವನು ಉದಯನ್. ಸೇತುವೆಯಾಚೆ ದೋಣಿ ಕಟ್ಟುವ ಆಶಾರಿ.

*

ಪ್ರಸೀದಾ ಪಂಚಾಯತಿಯ ಮನೆ-ಶುಶ್ರೂಷೆಯ ನರ್ಸು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು, ನೋವಿನ ಮದ್ದು ಕೊಟ್ಟು ಬರುವುದು ಅವಳ ಕೆಲಸ. ಅದಕ್ಕಾಗಿ ಗೊತ್ತು ಮಾಡಿದ್ದ ಬಾಡಿಗೆ ದೋಣಿ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತಿತ್ತು. ಒಮ್ಮೆ ಸಭೆಯಲ್ಲಿ ಅವಳು ಎದ್ದು ನಿಂತು, "ನೋವು ವಾರ ನೋಡ್ಕೊಂಡು ಬರುತ್ತಾ?" ಎಂದು ಕೇಳಿದ್ದಳು. ದೋಣಿಯ ದಿನ ಬದಲಾಗಲಿಲ್ಲ.

ಆಗ ಅವಳು ಮದುವೆಯ ಬಳೆ ಮಾರಿದಳು. ಆ ಮದುವೆ ಎರಡೇ ವರ್ಷ ಬಾಳಿ, ಕೋರ್ಟಿನಲ್ಲಿ ಮುಗಿದು ಒಂಬತ್ತು ವರ್ಷವಾಗಿತ್ತು. ಬಳೆ ಪೆಟ್ಟಿಗೆಯಲ್ಲಿ ಕೂತು ಯಾರನ್ನು ಸಾಕಬೇಕು? ಇಪ್ಪತ್ತಡಿಯ ಹಳೇ ಮರದ ದೋಣಿ, ಅದಕ್ಕೊಂದು ಹಳೇ ಮೋಟಾರು... ದಲ್ಲಾಳಿಯ ಮಾತು ನಂಬಿ ಕೊಂಡುಬಿಟ್ಟಳು.

ಕೊಂಡದ್ದಕ್ಕಿಂತ ಇಟ್ಟುಕೊಳ್ಳುವುದೇ ದುಬಾರಿ ಎಂದು ಮೊದಲ ತಿಂಗಳಲ್ಲೇ ತಿಳಿಯಿತು. ನೀರು ಕುಡಿದ ಮೋಟಾರು ಬಿಚ್ಚಿಸಲು ನಾಲ್ಕು ಸಾವಿರ. ಅದು ಸರಿಹೋಯಿತೆನ್ನುವಷ್ಟರಲ್ಲಿ ನೀರು ತಳ್ಳುವ ಫ್ಯಾನಿಗೆ ಅಂತರಗಂಗೆ ಸುತ್ತಿಕೊಂಡು ಪಿನ್ನು ಮುರಿಯಿತು. ಪರವಾನಗಿಗೆಂದು ಅಳೆಯಲು ಬಂದವರು ತೇಲುಡುಪು ಎಲ್ಲಿ ಎಂದರು. ತಂದಳು, ಇಲಿ ಕಡಿಯಿತು. ಒಂದು ಮಧ್ಯಾಹ್ನ ಪೆಟ್ರೋಲು ಮುಗಿದು ಕಾಯಲಿನ ನಡುವೆ ಕೊಡೆ ಬಿಚ್ಚಿ ಕೂತಿದ್ದವಳನ್ನು ಬಾತುಕೋಳಿ ಮೇಯಿಸುವವರು ಎಳೆದು ತಂದರು, ಹಿಂದೆ ಮುಂದೆ ಸಾವಿರ ಬಾತುಗಳ ಮೆರವಣಿಗೆಯೊಂದಿಗೆ.

"ನೀನು ಕೊಂಡಿದ್ದು ದೋಣಿಯಲ್ಲ ಮೋಳೇ, ಆನೆ," ಎಂದರು ತಾಯಿ ಸರಸಮ್ಮ. "ಆನೆಯಾದ್ರೆ ಉತ್ಸವಕ್ಕೆ ಬಾಡಿಗೆಗಾದ್ರೂ ಹೋಗ್ತಿತ್ತು."

ಪ್ರತಿ ಸಲವೂ ದೋಣಿ ಕೊನೆಗೆ ನಿಲ್ಲುತ್ತಿದ್ದದ್ದು ಉದಯನ್‌ನ ಕೆಲಸದ ಚಪ್ಪರದ ಮುಂದೆ. ಅವನು ಗದರುತ್ತಿದ್ದ, ಕಲಿಸುತ್ತಲೂ ಇದ್ದ. ಹಲಗೆಗಳ ಸಂದಿಗೆ ತೆಂಗಿನ ನಾರು ಹೇಗೆ ತುರುಕಬೇಕು, ರಾಳ ಎಷ್ಟು ಕಾಯಬೇಕು, ಮೋಟಾರು ಕೆಮ್ಮಿದರೆ ಮೊದಲು ಏನನ್ನು ಒರೆಸಬೇಕು. ಅವಳ ಉಗುರಿನ ಸಂದಿಯಲ್ಲಿ ಹಲಗೆಗೆ ಹಚ್ಚುವ ಮೀನೆಣ್ಣೆಯ ವಾಸನೆ ನಿಂತುಬಿಟ್ಟಿತು.

ಅವನ ತಂದೆ ಐದು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡವರು. ಮಗನಿಗೆ ಹೆಣ್ಣು ನೋಡಬೇಕಾದ ಕಾಲವೆಲ್ಲ ಆ ಹಾಸಿಗೆಯ ಪಕ್ಕದಲ್ಲೇ ಕಳೆದಿತ್ತು. ನಲವತ್ತೊಂದು ದಾಟಿದ ಅವನು ಒಬ್ಬನೇ ಗಂಜಿ ಬೇಯಿಸಿಕೊಂಡು ಇರುತ್ತಿದ್ದ. ಒಮ್ಮೆ ಅವನು, ಅಪ್ಪನ ಕಾಲಕ್ಕೆ ಇಂಥ ದೋಣಿಯೊಂದು ಇದ್ದಿದ್ದರೆ ಎಂದು ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದ್ದ. ಪ್ರಸೀದಾಳ ಮನಸ್ಸು ಆ ಅರ್ಧ ಮಾತಿನ ಬಳಿಯೇ ಬಹಳ ದಿನ ಸುತ್ತುತ್ತಿತ್ತು.

ರಿಪೇರಿಯಿಲ್ಲದ ವಾರ ಉದ್ದವಾಗತೊಡಗಿತು. ಮೋಟಾರು ಸರಿಯಾಗಿ ಓಡಿದ ದಿನ ಅವಳಿಗೆ ಏನೋ ಕಳೆದುಕೊಂಡಂತೆ. 'ನನಗೇನು ಹುಚ್ಚಾ...' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

*

ಬೇಸಿಗೆ ಬಂತು. ಮರದ ದೋಣಿಯನ್ನು ವರ್ಷಕ್ಕೊಮ್ಮೆ ದಡಕ್ಕೆ ಎಳೆದು, ಒಣಗಿಸಿ, ನಾರು ತುಂಬಿ, ಗೇರುಸಿಪ್ಪೆಯ ಎಣ್ಣೆ ಹಚ್ಚಲೇಬೇಕು. ಹದಿನೈದು ದಿನದ ಕೆಲಸ ಎಂದಿದ್ದ ಉದಯನ್. ಅಷ್ಟು ದಿನ ಅವಳಿಗೆ ಸರ್ಕಾರಿ ಬೋಟೇ ಗತಿ. ಹದಿನೈದನೇ ದಿನ ಅವಳು ಬಂದಾಗ ದೋಣಿ ಕಪ್ಪಗೆ ಮಿರುಗುತ್ತಿತ್ತು.

ಅವನು ಬಹಳ ಹೊತ್ತು ಉಳಿಯನ್ನೇ ಒರೆಸುತ್ತ ಕೂತಿದ್ದ.

"ಹಿಂದಿನ ಹಲಗೆಯೊಂದು ಒಳಗೇ ಕುಂಬಾಗಿದೆ ಸಿಸ್ಟರ್. ಬದಲಾಯಿಸ್ಬೇಕು. ಇನ್ನೊಂದೆಂಟು ದಿನ ಬೇಕು."

ಅವಳು ಮುಖ ಸಣ್ಣದು ಮಾಡಿಕೊಂಡಳು. ಆದರೆ ಸೇತುವೆ ದಾಟುವಾಗ ಅವಳ ಹೆಜ್ಜೆ ಹಗುರವಾಗಿತ್ತು. ಇನ್ನೂ ಎಂಟು ದಿನ ಇಲ್ಲಿಗೆ ಬರಬಹುದು!

ಆರನೇ ದಿನ ಬೆಳಗ್ಗೆ ಫೋನು ಬಂತು. ತೆಕ್ಕೇತುರುತ್ತು ನಡುಗಡ್ಡೆಯ ಕಾರ್ತ್ಯಾಯನಿಯಮ್ಮನಿಗೆ ನೋವು ಮಿತಿಮೀರಿದೆ, ಮನೆಯಲ್ಲಿದ್ದ ಮದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಎಪ್ಪತ್ತೆಂಟರ ಮುದುಕಿ, ಹೊಟ್ಟೆಯ ಅರ್ಬುದ. ಇನ್ನು ದಿನಗಳ ಮಾತು ಎಂದು ಡಾಕ್ಟರು ಹೇಳಿದ್ದರು. ಆಕೆ ಹೋಗುವಾಗ ನೋವಿರಬಾರದು, ಅಷ್ಟೇ ಪ್ರಸೀದಾ ಮಾಡಬಹುದಾಗಿದ್ದದ್ದು.

ಸರ್ಕಾರಿ ಬೋಟು ಆಗಷ್ಟೇ ಹೊರಟುಹೋಗಿತ್ತು. ಮುಂದಿನದು ಹನ್ನೆರಡಕ್ಕೆ. ಹತ್ತಿರದಲ್ಲಿ ಒಂದು ದೋಣಿಯೂ ಸಿಗಲಿಲ್ಲ. ಚೀಲ ತಲೆಯ ಮೇಲಿಟ್ಟುಕೊಂಡು ಗದ್ದೆಯ ಏರಿಗಳ ಮೇಲೆ ನಡೆದಳು, ಎರಡು ಕಡೆ ಎದೆಮಟ್ಟದ ನೀರು ದಾಟಿದಳು. ಸ್ವಂತ ದೋಣಿಯಲ್ಲಿ ಇಪ್ಪತ್ತು ನಿಮಿಷದ ದಾರಿಗೆ ಮೂರು ಗಂಟೆ ಹಿಡಿಯಿತು.

ಕಾರ್ತ್ಯಾಯನಿಯಮ್ಮ ತೀರಿಕೊಂಡು ಒಂದು ಗಂಟೆಯಾಗಿತ್ತು.

ಯಾವ ದೋಣಿಯ ಸದ್ದು ಕೇಳಿದರೂ "ಸಿಸ್ಟರ್ ಬಂದ್ರಾ" ಎಂದು ಕೇಳುತ್ತಿದ್ದರಂತೆ. ಸೊಸೆ ಹೇಳಿದಳು. ಅದರಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ಪ್ರಸೀದಾಳಿಗೆ ಸುಲಭವಾಗುತ್ತಿತ್ತು.

ಹಿಂತಿರುಗುವಾಗ ಕಾಲುಗಳು ತಾವಾಗಿಯೇ ಉದಯನ್‌ನ ಚಪ್ಪರಕ್ಕೆ ಬಂದವು. ಮರದ ತುಂಡೊಂದರ ಮೇಲೆ ಕುಸಿದು, ನಡೆದದ್ದನ್ನೆಲ್ಲ ಹೇಳಿ ಅತ್ತಳು. ಇಷ್ಟು ವರ್ಷದಲ್ಲಿ ಯಾರೆದುರೂ ಹಾಗೆ ಅತ್ತಿರಲಿಲ್ಲ. ಅವನು ಒಂದು ಮಾತಾದರೂ ಆಡಬಹುದೆಂದು ಕಾದಳು.

ಅವನ ಮುಖ ಸುಣ್ಣದಂತಾಗಿತ್ತು. ತಿರುಗಿ ಒಳಗೆ ಹೋಗಿಬಿಟ್ಟ.

ಮರುದಿನ ಬೆಳಗ್ಗೆ ದೋಣಿ ಅವಳ ಮನೆಯ ಕಡವಿನ ಮೆಟ್ಟಿಲ ಬಳಿಯಿತ್ತು, ತೆಗೆದ ಹಳೇ ಹಲಗೆಯೂ ಅದರೊಳಗೇ. ಚಪ್ಪರಕ್ಕೆ ಬೀಗ ಬಿದ್ದಿತ್ತು. ದೊಡ್ಡ ದೋಣಿಯ ಕೆಲಸಕ್ಕೆ ಉತ್ತರದ ಊರುಗಳ ಕಡೆ ಹೋದನೆಂದು ಜನ ಹೇಳಿದರು. ಅವನ ಫೋನು ಸತ್ತಿತ್ತು. ಕೂಲಿಯನ್ನೂ ಕೇಳಿರಲಿಲ್ಲ.

'ನಾನು ಹಾಗೆ ಅಳಬಾರದಿತ್ತು,' ಎಂದುಕೊಂಡಳು ಪ್ರಸೀದಾ. 'ಗಂಡ ಬಿಟ್ಟವಳು ಕೊರಳಿಗೆ ಬೀಳ್ತಾಳೆ ಅಂತ ಹೆದರಿ ಓಡಿಹೋದ.'

*

ಆ ವರ್ಷ ದೋಣಿ ಅವಳನ್ನು ಸುಮ್ಮನೆ ಬಿಡಲಿಲ್ಲ. ಮಳೆಗಾಲದಲ್ಲಿ ಪೆಟ್ರೋಲಿಗೆ ನೀರು ಸೇರಿತು. ಓಣಂ ಹೊತ್ತಿಗೆ ಮೋಟಾರು ಎಬ್ಬಿಸಲು ಎಳೆಯುವ ಹಗ್ಗ ಕಿತ್ತುಬಂದು ಅವಳು ಹಿಂದಕ್ಕೆ ಮಗುಚಿ ಬಿದ್ದಳು. ಕಡವಿನಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಎಲ್ಲವನ್ನೂ ತಾನೇ ಸರಿಮಾಡಿಕೊಂಡಳು. ಬಿಡಿ ಪಿನ್ನುಗಳ ಡಬ್ಬಿ ಯಾವಾಗಲೂ ಮದ್ದಿನ ಚೀಲದಲ್ಲೇ ಇರುತ್ತಿತ್ತು. ಯಾರೊಬ್ಬರ ಮನೆಗೂ ತಡವಾಗಿ ಹೋಗಲಿಲ್ಲ.

ಆದರೆ ಪ್ರತಿ ಪಿನ್ನು ಹಾಕುವಾಗಲೂ ಕಿವಿಯ ಬಳಿ ಅದೇ ದನಿ. "ಜೋರು ಬೇಡ ಸಿಸ್ಟರ್, ಮಗುವಿನ ಕಿವಿಗೆ ಓಲೆ ಹಾಕೋ ಹಾಗೆ..." ಸೇತುವೆಯ ಕೆಳಗೆ ಹಾಯುವಾಗ ಮೋಟಾರಿನ ವೇಗ ತಾನೇ ಕಡಿಮೆ ಮಾಡುತ್ತಿದ್ದಳು. ಚಪ್ಪರದ ಬೀಗಕ್ಕೆ ತುಕ್ಕು ಹಿಡಿಯುತ್ತಿತ್ತು. ದಿನಕ್ಕೆರಡು ಸಲ ಅದನ್ನು ನೋಡುವುದು ಅವಳ ಲೆಕ್ಕದಲ್ಲಿ ಕೆಲಸವೇ ಆಗಿಹೋಗಿತ್ತು.

ಮತ್ತೆ ಬೇಸಿಗೆ ಬಂತು. ದೋಣಿ ದಡಕ್ಕೆಳೆಯಲು ಈ ಸಲ ಮುದುಕ ಪಾಪ್ಪನ್ ಆಶಾರಿ ಮನೆಗೇ ಬಂದರು. ಚಹಾ ಕುಡಿಯಲು ಬಟ್ಟೆ ಒಗೆಯುವ ಜಾಗದ ಮಣೆಯ ಮೇಲೆ ಕೂತರು. ಎರಡು ಇಟ್ಟಿಗೆಯ ಮೇಲೆ ಸರಸಮ್ಮ ಇಟ್ಟಿದ್ದ ಆ ಹಳೇ ಹಲಗೆಯೇ ಮಣೆ. ಮುದುಕ ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದರು.

"ಹೆಬ್ಬಲಸು. ಕಬ್ಬಿಣ ಇದ್ದ ಹಾಗಿದೆ, ಇನ್ನೂ ಇಪ್ಪತ್ತು ವರ್ಷ ಬರ್ತಿತ್ತು. ಇದನ್ನ ದೋಣಿಯಿಂದ ಯಾರು ಕಿತ್ತಿದ್ದು?"

ಪ್ರಸೀದಾ ಮದ್ದಿನ ಚೀಲ ಅಲ್ಲೇ ಇಟ್ಟು ಕೂತಳು.

ದುಡ್ಡಿಗಾಗಿ ಮಾಡಿದ ಮೋಸವಲ್ಲ ಅದು. ಹೊಸ ಹಲಗೆಯ ಬೆಲೆಯನ್ನೂ ಅವನು ಕೇಳಿರಲಿಲ್ಲ. ಮತ್ತೆ ಯಾಕೆ? ಉತ್ತರ ಆ ಕ್ಷಣವೇ ಗೊತ್ತಿತ್ತು. ಒಪ್ಪಿಕೊಳ್ಳಲು ಮೂರು ದಿನ ಬೇಕಾಯಿತು. ಮೊದಲು ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಆ ಸಿಟ್ಟಿನ ತಳದಲ್ಲಿ ಕೂತಿದ್ದ ಖುಷಿಯನ್ನು ಕಂಡು ಅವಳಿಗೇ ನಾಚಿಕೆಯಾಯಿತು.

ತಂದೆಯ ತಿಥಿಗೆ ಉದಯನ್ ಬಂದಿದ್ದಾನೆ, ನಾಡಿದ್ದು ವಾಪಸು ಹೋಗುತ್ತಾನೆ ಎಂದು ಮರುವಾರ ಪಾಪ್ಪನ್ ಆಶಾರಿಯೇ ಹೇಳಿದರು. ಹಚ್ಚಿದ ಎಣ್ಣೆ ಪೂರ್ತಿ ಒಣಗಿರಲಿಲ್ಲ. ಪ್ರಸೀದಾ ದೋಣಿಯನ್ನು ನೀರಿಗಿಳಿಸಿ ಹೊರಟಳು.

*

ಅವನು ಚಪ್ಪರದ ಮುಂದೆ ಉಪಕರಣಗಳನ್ನು ಚೀಲಕ್ಕೆ ತುಂಬುತ್ತಿದ್ದ. ಸೊರಗಿದ್ದ. ದೋಣಿಯ ಸದ್ದಿಗೆ ತಲೆಯೆತ್ತಿದವನು ಅವಳನ್ನು ಕಂಡು ಹಾಗೇ ನಿಂತುಬಿಟ್ಟ.

"ಆ ಹಲಗೆಗೆ ಏನೂ ಆಗಿರ್ಲಿಲ್ಲ," ಎಂದಳು ಅವಳು, ದೋಣಿಯಿಂದ ಇಳಿಯದೆಯೇ.

ಅವನು ಸುಳ್ಳು ಹೇಳಲು ಪ್ರಯತ್ನಿಸಲಿಲ್ಲ. "ಇಲ್ಲ."

"ಯಾಕೆ ಹೇಳಿದ್ರಿ ಹಾಗೆ?"

"ಕೆಲಸ ಮುಗಿದುಹೋಗಿತ್ತು. ದೋಣಿ ತಗೊಂಡು ಹೋದ್ರೆ ನೀವು ಮತ್ತೆ ಯಾವಾಗ ಬರ್ತೀರೋ..." ಅವನು ಬಾಚಿಯನ್ನು ಚೀಲದ ಪಕ್ಕ ಇಟ್ಟ. "ಎಂಟೇ ದಿನ ಅಂದ್ಕೊಂಡೆ. ಅಷ್ಟರಲ್ಲಿ ಹೇಳ್ಬಿಡ್ತೀನಿ ಅಂದ್ಕೊಂಡೆ. ಆರನೇ ದಿನ ನೀವು ಬಂದು ಅತ್ರಿ. ಆ ತಾಯಿ ನನ್ನ ಸುಳ್ಳಿನಿಂದ ಒದ್ದಾಡಿ ಸತ್ರು. ನಿಮಗೆ ಹೇಗೆ ಮುಖ ತೋರಿಸ್ಲಿ?"

ಏನೂ ಆಗಿಲ್ಲ ಬಿಡಿ ಎಂದು ಪ್ರಸೀದಾ ಹೇಳಬಹುದಿತ್ತು. ಹೇಳಲಿಲ್ಲ.

"ದೋಣಿ ಇದ್ದಿದ್ರೂ ಅವರು ಉಳೀತಿರ್ಲಿಲ್ಲ. ಆದ್ರೆ ನೋವಿಲ್ದೆ ಹೋಗ್ತಿದ್ರು. ಅದನ್ನ ನಾನು ಇಲ್ಲ ಅನ್ನಲ್ಲ."

ಅವನು ತಲೆ ತಗ್ಗಿಸಿದ.

"ನನ್ನದೂ ಒಂದು ಇದೆ, ಕೇಳಿ. ಎಂಟು ದಿನ ಅಂದ್ರಲ್ಲ, ಅವತ್ತು ಸೇತುವೆ ಮೇಲೆ ನಾನು ಖುಷಿಯಾಗಿ ಹೋದೆ. ಬೇರೆ ದೋಣಿ ಗೊತ್ತು ಮಾಡ್ಬೇಕು ಅಂತ ಒಂದು ಸಲವೂ ಹೊಳೀಲಿಲ್ಲ. ನರ್ಸು ನಾನು. ಹೊಳೀಬೇಕಿತ್ತು. ಒಂದು ವರ್ಷದಿಂದ ಇದನ್ನ ಯಾರಿಗೂ ಹೇಳಿಲ್ಲ."

ಉದಯನ್ ಅವಳನ್ನು ನೋಡಿದ. ಕೇಳಿದ್ದು ನಿಜವೇ ಎಂಬಂತೆ ನೋಡಿದ. ಅವಳ ಕಣ್ಣು ತುಂಬಿತ್ತು, ಆದರೆ ತಿರುಗಿಸಲಿಲ್ಲ.

"ನೀವು ಓಡಿಹೋಗಿದ್ದಕ್ಕೆ ಮಾತ್ರ ನಂಗೆ ಸಿಟ್ಟಿದೆ," ಎಂದಳು. "ಇಬ್ಬರೂ ಕೂತು ಹೊರಬೇಕಾಗಿದ್ದನ್ನ ನಾನೊಬ್ಬಳೇ ಹೊತ್ತೆ."

ಅವನು ನೀರಿಗಿಳಿದು ಬಂದು ದೋಣಿಯ ಅಂಚು ಹಿಡಿದುಕೊಂಡ. ಪಕ್ಕದಲ್ಲೇ ಅವಳ ಕೈಯಿತ್ತು. ಗೇರೆಣ್ಣೆಗೆ ಕಪ್ಪಾದ ಬೆರಳುಗಳು. ಅವುಗಳ ಮೇಲೆ ತನ್ನ ಕೈಯಿಟ್ಟ. ಅವಳು ಎಳೆದುಕೊಳ್ಳಲಿಲ್ಲ.

ಅವಳು ಮೆಲ್ಲಗೆ ಕೇಳಿದಳು.

"ಈಗ ನಿಜ ಹೇಳಿ ಆಶಾರಿ. ನನ್ನ ದೋಣಿಗೆ ಏನಾಗಿದೆ?"

ಅವನು ಮೂತಿಯಿಂದ ಹಿಂದಿನ ತುದಿಯವರೆಗೆ ಒಮ್ಮೆ ನೋಡಿದ. ಮುದುಕ ಮಾಡಿದ ಕೆಲಸ ಅಚ್ಚುಕಟ್ಟಾಗಿತ್ತು.

"ಏನೂ ಆಗಿಲ್ಲ. ಚೆನ್ನಾಗಿದೆ."

"ಹಾಗಾದ್ರೆ ನಾನು ಹೊರಡಬೇಕಲ್ಲ."

"ಬೇಡ," ಎಂದ ಉದಯನ್. "ಏನೂ ಆಗಿಲ್ಲ... ಆದ್ರೂ ಇರಿ."