ಕಿವಿ ಆಡಿಸಿದ ಕಂಬಳಿ

ಹೊಲ ಕಾಯುವ ಗುತ್ತೆವ್ವ ರೈಫಲ್ಲಿನ ದುರ್ಬೀನಿನ ಹಿಂತುದಿಗೆ ಕಣ್ಣನ್ನು ಸಿಕ್ಕಿಸಿದಳು. ಟಕ್ಕೆಂದು ಕೂತಿತು. ಅಲ್ಲಿಯವರೆಗೆ ಒಂದೇ ಕಪ್ಪು ಗೋಡೆಯಂತಿದ್ದ ಗೋವಿನಜೋಳದ ಹೊಲ ಸಾಲುಸಾಲಾಗಿ ಬಿಚ್ಚಿಕೊಂಡಿತು.

ಎಲ್ಲರೂ ಅದನ್ನು ಕಣ್ಣು ಎಂದೇ ಕರೆಯುತ್ತಿದ್ದರು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಡಬ್ಬಿ. ಒಂದು ತುದಿಗೆ ಕ್ಯಾಮೆರಾ, ಇನ್ನೊಂದು ತುದಿಗೆ ಉಗುರಿನಷ್ಟು ಪರದೆ, ಪಕ್ಕದಲ್ಲಿ ಅವಕೆಂಪು ದೀಪ. ಆ ದೀಪದ ಬೆಳಕು ಮನುಷ್ಯನಿಗೂ ಕಾಣದು, ಹಂದಿಗೂ ಕಾಣದು. ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ಯಾವ ಹಳೆಯ ಬಂದೂಕಿಗಾದರೂ ಕೂಡಿಸಬಹುದು. ಇಷ್ಟು ಮೂವತ್ತು ವರ್ಷಗಳ ಹಿಂದೆಯೇ ಇತ್ತು. ಇಂದುಧರ ಹಲಗೇರಿ ಕಂಡುಹಿಡಿದದ್ದು ಅದರಾಚೆಯದು. ಮಂಜು, ಎಲೆ, ದೂರ ಇವುಗಳಿಂದ ಚಿತ್ರದಲ್ಲಿ ಉಳಿದುಹೋಗುವ ತೂತುಗಳನ್ನು ಅವನ ಕಣ್ಣು ತಾನೇ ತುಂಬುತ್ತಿತ್ತು. ಐವತ್ತು ಲಕ್ಷ ಹಂದಿಗಳ ಚಿತ್ರ ನೋಡಿ ಕಲಿತಿತ್ತು. ಅರ್ಧ ಬೆನ್ನು ಕಂಡರೆ ಸಾಕು, ಪೂರ್ತಿ ಹಂದಿಯನ್ನು ತೋರಿಸುತ್ತಿತ್ತು.

ಬದುವಿನ ಹತ್ತಿರ ಒಂದು ಕೂತಿತ್ತು. ಮೂತಿ ನೆಲಕ್ಕೆ, ಎಡಗಿವಿ ಒಮ್ಮೆ ಆಡಿತು. ಗುತ್ತೆವ್ವ ಅಟ್ಟಣಿಗೆಯ ಮೇಲೆ ಉಸಿರು ಹಿಡಿದು ಬಂದೂಕಿನ ಕುದುರೆ ಎಳೆದಳು. ಪರದೆಯ ಕೆಳಗೆ ಅಕ್ಷರ ಮೂಡಿತು: ಹಂದಿ, ಗಂಡು, ಪೆಟ್ಟು ಬಿದ್ದಿದೆ.

ಬೆಳಿಗ್ಗೆ ಹಂದಿ ಸಿಗಲಿಲ್ಲ. ಬದುವಿನ ಮೇಲೆ ರಕ್ತವಿತ್ತು. ರಕ್ತದಲ್ಲಿ ಅಂಟಿಕೊಂಡ ಒಂದು ಎಳೆ ಕರಿ ಕೂದಲು. ಹಂದಿಯ ಕೂದಲು ಪೊರಕೆಯ ಕಡ್ಡಿಯಂತೆ ಬಿರುಸು. ಇದು ಬೆರಳಿನಲ್ಲಿ ಹೊಸೆದರೆ ಮೆತ್ತಗೆ ಸುತ್ತಿಕೊಂಡಿತು. ಗುತ್ತೆವ್ವ ತಲೆಯೆತ್ತಿ ಪಕ್ಕದ ಹೊಲ ನೋಡಿದಳು. ಹೆಸರುಕಾಳಿನ ಬೆಳೆ ಕಿತ್ತ ಆ ಹೊಲದಲ್ಲಿ ಗೊಬ್ಬರಕ್ಕೆಂದು ಐದು ರಾತ್ರಿ ಕುರಿ ತರುಬಿ ನಿಲ್ಲಿಸುವ ಮಾತಾಗಿತ್ತು. ಮೂರೇ ರಾತ್ರಿ ಕಳೆದಿತ್ತು. ಕುರಿಯೂ ಇರಲಿಲ್ಲ, ಕುರುಬರೂ ಇರಲಿಲ್ಲ. ಮಾತಾದ ರಾತ್ರಿ ಮುಗಿಯುವ ಮೊದಲು ಹಿಂಡು ಎಬ್ಬಿಸಿಕೊಂಡು ಹೋದವರನ್ನು ಅವಳು ತನ್ನ ನಲವತ್ತು ವರ್ಷದಲ್ಲಿ ನೋಡಿರಲಿಲ್ಲ.

*

ಬೆಳೆ ರಕ್ಷಣಾ ಕೇಂದ್ರದಲ್ಲಿ ಇಂದುಧರ ದಾಖಲೆಯನ್ನು ಮೂರು ಸಲ ಓಡಿಸಿ ತೋರಿಸಿದ.

"ನೋಡ್ರಿ ಗುತ್ತೆವ್ವ. ಮೂತಿ, ಕಾಲು, ಕಿವಿ. ಇದಕ್ಕಿಂತ ಹಂದಿ ಇನ್ನ ಹೆಂಗ ಇರಬೇಕು?"

"ಅದನ್ನ ನಾನೂ ನೋಡೀನ್ರಿ ಸರ. ನೋಡೇ ಹೊಡದದ್ದು." ಅವಳು ರುಮಾಲಿನ ಗಂಟು ಬಿಚ್ಚಿ ಆ ಎಳೆಯನ್ನು ಮೇಜಿನ ಮೇಲಿಟ್ಟಳು. "ಇದು ಕಂಬಳಿ ಉಣ್ಣಿ."

ಇಂದುಧರ ಎಳೆಯನ್ನು ನೋಡಲಿಲ್ಲ, ಅವಳನ್ನು ನೋಡಿದ. ಯಂತ್ರದ ಮೇಲೆ ತಪ್ಪು ಹೊರಿಸಲು ಬಂದವರನ್ನು ಅವನು ಮೊದಲೂ ಕಂಡಿದ್ದ.

"ಕುರುಬರ ಜೋಡಿ ಏನರ ಜಗಳ ಇತ್ತೇನು ನಿಮಗ?"

"ಇದ್ದಿದ್ರ ನಾ ಇಲ್ಲಿ ಬರ್ತಿದ್ನೇನ್ರಿ? ಹಂದಿ ಅಂತ ನಿಮ್ಮ ಡಬ್ಬಿನ ಬರಕೊಟ್ಟೈತಿ. ಬಾಯಿ ಮುಚ್ಚಿಕೊಂಡು ಮನ್ಯಾಗ ಇರ್ತಿದ್ದೆ."

ಅವಳ ಕಣ್ಣು ಗೋಡೆಯ ಮೇಲಿನ ಚಿತ್ರಕ್ಕೆ ಹೋಯಿತು. ಮಾಳಿಗೆಯ ಮೇಲೆ ಒಬ್ಬ ಗಂಡಸು, ಅವನ ಹೆಗಲ ಮೇಲೆ ಹುಡುಗ, ಹಿಂದೆ ಹುಣ್ಣಿಮೆ.

"ನಮ್ಮಪ್ಪ," ಎಂದ ಇಂದುಧರ, ಮಾತು ಬದಲಾದದ್ದೇ ಸಾಕೆಂಬಂತೆ. "ಮ್ಯಾಲಿರೋದು ನಾನು. ಎರಡ್ಸಾವಿರದ ಇಪ್ಪತ್ನಾಲ್ಕು. ನಮ್ಮವ್ವ ಫೋನಿನಾಗ ತಗದದ್ದು. ಅಪ್ಪ ಫೋಟೋದಾಗ ನಕ್ಕಿದ್ದು ಇದೊಂದರಾಗ. ಕತ್ತಲದಾಗೂ ಇಷ್ಟು ಸ್ವಚ್ಛ ಬರ್ತದಲ್ಲಾ ಅಂತ ಹುಚ್ಚು ಹಿಡದದ್ದೇ ಇದನ್ನ ನೋಡಿ."

"ಚಂದ್ರ ಭಾಳ ಛಂದ ಬಂದಾನ," ಎಂದಳು ಗುತ್ತೆವ್ವ. ಆಮೇಲೆ, "ನಿಮ್ಮಲ್ಲಿ ಕತ್ತಲ ಖೋಲಿ ಐತೇನ್ರಿ?" ಎಂದು ಕೇಳಿದಳು.

*

ಬೀಜದ ಗೋದಾಮಿನ ಕಿಟಕಿಗಳಿಗೆ ಗೋಣಿಚೀಲ ಬಡಿದರು. ಗುತ್ತೆವ್ವ ರೈಫಲ್ಲಿನ ಗುಂಡಿನ ಮನೆಯನ್ನು ಎರಡು ಸಲ ತೆರೆದು, ಬೆರಳು ಹಾಕಿ ನೋಡಿದಳು.

"ಒಮ್ಮೆ ನೋಡಿದ್ರ ಸಾಲದೇನು?" ಎಂದು ಇಂದುಧರ ನಕ್ಕ.

"ನಿಮ್ಮ ಕಣ್ಣು ಹಾಕ್ಕೊಂಡ ಮ್ಯಾಲೆ ನನ್ನ ಕಣ್ಣಿನ ಮ್ಯಾಲೂ ನಂಬಿಕಿ ಹೋಗೈತ್ರಿ."

ಅವಳು ತಂದಿದ್ದ ಕರಿ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ಗೋದಾಮಿನ ಆ ಕೊನೆಗೆ ಹೋಗಿ, ಪೇರಿಸಿದ ಚೀಲಗಳ ನಡುವೆ ಮೊಣಕಾಲು ಮಡಿಚಿ ಕೂತಳು. ದೀಪ ಆರಿಸಿದರು. ಇಂದುಧರ ರೈಫಲ್ ಎತ್ತಿ ಕಣ್ಣಿಟ್ಟು ನೋಡಿದ.

ಮೊದಲು ಒಂದು ಬೂದು ಗುಡ್ಡೆ. ಕ್ಷಣದಲ್ಲಿ ಅದರ ಅಂಚುಗಳು ಗಟ್ಟಿಯಾದವು. ಬೆನ್ನ ಮೇಲೆ ನೆಟ್ಟಗಿನ ಕೂದಲು ಬಂತು. ಮೂತಿ ಬಂತು. ಮುಂಗಾಲೆರಡು ಬಂದವು. ಗಾಳಿಯಿಲ್ಲದ ಗೋದಾಮಿನಲ್ಲಿ ಎಡಗಿವಿ ಒಮ್ಮೆ ಆಡಿತು.

"ಏನ ಕಾಣಸ್ತೈತ್ರಿ ಸರ?" ಎಂದು ಹಂದಿ ಕೇಳಿತು.

ಅವನ ಬೆರಳು ಕುದುರೆಯ ಮೇಲಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೋ ಅವನಿಗೆ ಗೊತ್ತಾಗಿರಲಿಲ್ಲ.

ಲೆಕ್ಕ ಸರಳವಾಗಿತ್ತು. ಕರಿಕುರಿಯ ಉಣ್ಣೆಗೂ ಹಂದಿಯ ಕೂದಲಿಗೂ ಕಪ್ಪು ಕೊಡುವ ವಸ್ತು ಒಂದೇ. ಅವಕೆಂಪು ಬೆಳಕಿನಲ್ಲಿ ಎರಡೂ ಒಂದೇ ಬೂದು. ಮಿಕ್ಕದ್ದನ್ನು ಯಂತ್ರ ತುಂಬಿತ್ತು. ಅದಕ್ಕೆ ಮನುಷ್ಯರನ್ನೂ ಕಲಿಸಿದ್ದರು: ನಿಂತವರು, ನಡೆಯುವವರು, ಟೊಪ್ಪಿಗೆ ಹಾಕಿದವರು. ಕಂಬಳಿ ಕವುಚಿಕೊಂಡು ಹೊಲದಲ್ಲಿ ಕುಕ್ಕುರುಗಾಲಲ್ಲಿ ಕೂರುವವರು ಇದ್ದಾರೆಂಬುದು ಹನ್ನೆರಡು ಜನರ ತಂಡದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇದೇ ಜಿಲ್ಲೆಯಲ್ಲಿ ಹುಟ್ಟಿದ ಅವನಿಗೂ.

ದೀಪ ಹಾಕಿದಾಗ ಗುತ್ತೆವ್ವ ಕಂಬಳಿ ಮಡಚುತ್ತಿದ್ದಳು.

"ತುಂಬೋಕಿಂತ ಮೊದಲ ಬಂದಿದ್ದ ಚಿತ್ರ ಎಲ್ಲೈತ್ರಿ? ಆ ರಾತ್ರೀದು?"

"ಇಲ್ಲ. ಜಾಗ ಹಿಡೀತದ ಅಂತ ಅದನ್ನ ಇಡಂಗಿಲ್ಲ. ತುಂಬಿದ ಮ್ಯಾಲಿಂದಷ್ಟೇ ದಾಖಲಿ."

"ಇಡೂದು ಬ್ಯಾಡ ಅಂತ ಯಾರಂದ್ರು?"

"ನಾನ," ಎಂದ ಇಂದುಧರ.

*

ಹನ್ನೊಂದು ದಿನ ಹುಡುಕಿದ ಮೇಲೆ ಆ ಹಿಂಡು ಎರಡು ತಾಲ್ಲೂಕು ಆಚೆ, ಒಂದು ಹಳ್ಳದ ದಂಡೆಯಲ್ಲಿ ಸಿಕ್ಕಿತು. ನಾಯಿಗಳು ಗುತ್ತೆವ್ವನನ್ನು ದೂರದಲ್ಲೇ ತಡೆದವು. ಹಿಂಡಿನ ಹಿರಿಯ ಮಾಳಿಂಗಜ್ಜ ಅವನ್ನು ಗದರಿಸಲು ಅವಸರ ಮಾಡಲಿಲ್ಲ.

"ನಾ ಕರಿಬಸನಕೊಪ್ಪದಾಕಿ, ಯಜ್ಜಾ. ಹೊಲ ಕಾಯಾಕಿ."

"ಗೊತ್ತಾತು ಬಿಡವಾ. ಏನ, ಉಳದದ್ದನ್ನೂ ಹೊಡದು ಹೋಗಾಕ ಬಂದಿಯೇನು?"

ಗುಡಾರದ ನೆರಳಿನಲ್ಲಿ ಅವನ ಅಳಿಯ ಲಗಮಣ್ಣ ಮಲಗಿದ್ದ. ಅವನ ಬಲಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ತಪ್ಪಿಸಿಕೊಂಡ ಮರಿಯೊಂದನ್ನು ಹುಡುಕುತ್ತ ಜೋಳದೊಳಗೆ ಹೋಗಿದ್ದನಂತೆ. ಮರಿಯ ದನಿ ಕೇಳಲೆಂದು ಕಂಬಳಿ ಹೊದ್ದು ಬದುವಿನ ಬಳಿ ಸದ್ದಿಲ್ಲದೆ ಕೂತಿದ್ದನಂತೆ. ಗುಂಡು ತಗಲಿದಾಗ ಇನ್ನೊಂದು ಬಂದೀತೆಂದು ಬಾಯಿಗೆ ಕಂಬಳಿ ಕಚ್ಚಿ ತೆವಳಿದ್ದನಂತೆ.

"ಆ ರಾತ್ರೀನ ಹಿಂಡು ಎಬ್ಬಿಸಿದ್ವಿ. ದವಾಖಾನ್ಯಾಗ ಕಾಲು ತಗದ ಮ್ಯಾಲೆ ಠಾಣೆಗೆ ಹೋಗಿದ್ವಿ," ಎಂದ ಮಾಳಿಂಗಜ್ಜ. "ಆ ರಾತ್ರೀದು ತಗದು ತೋರಿಸಿದ್ರು. 'ಹಂದಿ ನೋಡೋ ಮುದಕಾ, ಕಿವಿ ಆಡಸ್ತೈತಿ. ನಿನ್ನ ಅಳಿಯಗ ಹಿಂಗ ಕಿವಿ ಆಡಸಾಕ ಬರ್ತೈತೇನು?' ಅಂತ ನಕ್ಕರು. ನೀವ ಎಲ್ಲೋ ಕಳ್ಳಬ್ಯಾಟಿ ಆಡಾಕ ಹೋಗಿ ಕಾಲು ಕಳಕೊಂಡೀರಿ, ಕೇಸ್ ಹಾಕ್ತೀವಿ ಅಂದ್ರು. ಕುರಿ ಹೊಡಕೊಂಡು ಇಲ್ಲೀತನ ಬಂದ್ಬಿಟ್ವಿ."

ಗುತ್ತೆವ್ವ ಲಗಮಣ್ಣನ ಕಡೆ ನೋಡಿದಳು. ಅವನು ಗುಡಾರದ ಬಟ್ಟೆಯನ್ನೇ ನೋಡುತ್ತ ಮಾತಾಡಿದ.

"ನಮ್ಮ ಕಡೆ ಕವಣಿ ಬೀಸೋರು ಮೊದಲ ಕೂಗತಾರಕ್ಕಾ. 'ಹೊಲದಾಗ ಯಾರರ ಅದೀರೇನೋ' ಅಂತ ಮೂರು ಸಲ. ನೀ ಒಮ್ಮೆ ಕೂಗಿದ್ರ ನಾ ಓ ಅಂತಿದ್ದೆ."

ಅವಳ ಅಪ್ಪನೂ ಹಾಗೆ ಕೂಗುತ್ತಿದ್ದ. ಕಣ್ಣು ಬಂದ ವರ್ಷ ಕೇಂದ್ರದವರು ತರಬೇತಿ ಕೊಟ್ಟು, ಕೂಗಿದರೆ ಹಂದಿ ಓಡುತ್ತವೆ, ಹೇಗೂ ಎಲ್ಲಾ ಕಾಣುತ್ತದಲ್ಲ ಎಂದು ಆ ರೂಢಿ ಬಿಡಿಸಿದ್ದರು.

*

ನಾನು ಹೊಡೆದದ್ದು ಮನುಷ್ಯನನ್ನು ಎಂದು ಗುತ್ತೆವ್ವ ಠಾಣೆಯಲ್ಲಿ ಬರೆದುಕೊಟ್ಟಳು. ಹೇಳಿಕೆ ದಾಖಲೆಗೆ ಹೊಂದುವುದಿಲ್ಲ ಎಂದು ಅದು ಎರಡು ಸಲ ಮರಳಿ ಬಂತು. ಮೂರನೇ ಸಲ ಅದರ ಜೊತೆ ಇಂದುಧರನ ಕಾಗದವಿತ್ತು. 'ಈ ದಾಖಲೆಯಲ್ಲಿರುವುದು ಅಲ್ಲಿದ್ದದ್ದಲ್ಲ. ಅಲ್ಲಿ ಇರಬಹುದು ಎಂದು ಯಂತ್ರ ನಂಬಿದ್ದು. ಇದನ್ನು ಕಟ್ಟಿದವನು ನಾನು.' ಅದನ್ನು ಓದಿದ ಅಧಿಕಾರಿ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದ: "ಹಂಗಾದ್ರ ಸರ, ಇಲ್ಲೀತನ ಹೊಡದ ನಾಲ್ಕು ಸಾವಿರ ಹಂದಿ?"

ಸಿಕ್ಕ ಹಂದಿಗಳ ಪಟ್ಟಿ ಕೇಂದ್ರದಲ್ಲಿತ್ತು. ಪೆಟ್ಟು ಬಿದ್ದೂ ಸಿಗದವುಗಳ ಪಟ್ಟಿಯನ್ನು ಯಾರೂ ಮಾಡಿರಲಿಲ್ಲ. ಆ ಸಂಜೆ ಇಂದುಧರ ಅದನ್ನು ಬರೆಯಲು ಕೂತ. ಊರು, ತಾರೀಖು, ಪಕ್ಕದ ಹೊಲದಲ್ಲಿ ಆ ದಿನ ಯಾರಿದ್ದರು. ಕೊನೆಯ ಅಂಕಣ ಖಾಲಿಯೇ ಉಳಿಯುತ್ತ ಹೋಯಿತು. ಬರೆದು ದಣಿದು ತಲೆಯೆತ್ತಿದಾಗ ಎದುರಿಗೆ ಗೋಡೆಯ ಚಿತ್ರವಿತ್ತು.

ಎದ್ದು ಹೋಗಿ ಭೂತಗನ್ನಡಿ ಹಿಡಿದ. ಚಂದ್ರನ ಮೇಲಿನ ಒಂದೊಂದು ಕುಳಿಯೂ ಅಂಚು ಬರೆದಂತಿತ್ತು. ಅವ್ವನ ಆ ಫೋನಿನ ಮಸೂರ ಹೆಸರುಕಾಳಿಗಿಂತ ದೊಡ್ಡದಿರಲಿಲ್ಲ. ಅಷ್ಟು ಪುಟ್ಟ ಗಾಜಿನಲ್ಲಿ ಆ ಕುಳಿಗಳು ಇಳಿದು ಬರಲು ಸಾಧ್ಯವಿಲ್ಲವೆಂದು ಲೆಕ್ಕ ಹಾಕಲು ಅವನಿಗೆ ಕಾಗದವೂ ಬೇಕಾಗಲಿಲ್ಲ. ಮಿಕ್ಕದ್ದನ್ನು ಫೋನು ತಾನೇ ತುಂಬಿತ್ತು. ಆ ದಿನಗಳಲ್ಲಿ ಎಲ್ಲರ ಜೇಬಿನಲ್ಲೂ ಅಂಥವೇ ಫೋನುಗಳಿದ್ದವು. ಚಂದ್ರ ಚೆನ್ನಾಗಿ ಬಂದರೆ ಸಾಕಾಗಿತ್ತು, ಯಾರೂ ಏನೂ ಕೇಳಿರಲಿಲ್ಲ.

ಅವನು ಗಾಜನ್ನು ನಿಧಾನ ಕೆಳಗೆ ಸರಿಸಿದ. ಮಾಳಿಗೆಯ ಕತ್ತಲು. ಹುಡುಗನ ಕಾಲು. ಅಪ್ಪನ ಕೊರಳು, ಗದ್ದ. ತುಟಿಯ ಹತ್ತಿರ ಬಂದಾಗ ಕೈ ನಿಂತಿತು.

ಅಪ್ಪ ನಗುತ್ತಿದ್ದ. ಹಲ್ಲಿನ ಸಾಲು ಚಂದ್ರನಷ್ಟೇ ಸ್ವಚ್ಛವಾಗಿತ್ತು.